ವಿಷಯ ಸಂಖ್ಯೆ ಮೂರು

ಜುಲೈ ಕೊನೆಯ ಶನಿವಾರ. ಕೋರಂ ಆಗಿದೆ.
ಪಂಚಾಯ್ತಿ ಹಾಲಿನ ಫ್ಯಾನು ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚು.
ವಿಷಯ ಸಂಖ್ಯೆ ಮೂರು:
ಕಾಲನಿಯ ಹಿಂದಿನ ಶೆಡ್ಡುಗಳಲ್ಲಿ ಉಳಿದಿರುವ ಹೊರಗಿನವರು.
ಹನ್ನೊಂದು ಸಂಸಾರ. ಎಲ್ಲ ಬೋಟಿನ ಜನ,
ಗಂಜಾಂ ಕಡೆಯವರು, ಇಬ್ಬರು ದುಮ್ಕಾದವರು.
ಮೀನುಗಾರಿಕೆ ಬಂದಾಗುತ್ತಲೇ ಪ್ರತಿವರ್ಷ ರೈಲು ಹತ್ತುತ್ತಿದ್ದರು.
ಈ ಸಲ ಹತ್ತಲಿಲ್ಲ.
ನಳ ಕೇಳಿದ್ದಾರೆ. ಮನೆ ನಂಬರು ಕೇಳಿದ್ದಾರೆ.

ಬರೆಯುವುದು ನನ್ನ ಕೆಲಸ.
ಬಾಯಿಂದ ಬಿದ್ದದ್ದನ್ನು ಆರಿಸಿ
ಕಾರವಾರದ ಸಾಹೇಬರು ಓದಬಹುದಾದ ಕನ್ನಡಕ್ಕೆ ಇಳಿಸುವುದು.

ಉಲ್ಲಾಸ ತಾಂಡೇಲ ಮೊದಲು ಎದ್ದ.
ಕನ್ನಡ ಬಾರದವರಿಗೆ ಮನೆ ನಂಬರು ಯಾಕೆ
ಎಂದು ಕೊಂಕಣಿಯಲ್ಲಿ ಕೇಳಿದ.
ಯಾರೂ ನಗಲಿಲ್ಲ.
ನಾನು ಕನ್ನಡದಲ್ಲಿ ಬರೆದುಕೊಂಡೆ.

ಆಮೇಲೆ ಒಬ್ಬರ ಮಾತಿನ ಮೇಲೊಬ್ಬರು:
ನಡುರಾತ್ರಿವರೆಗೆ ಮೊಬೈಲು ಹಾಡು,
ಮಗ್ಗುಲಲ್ಲೇ ನೌಕಾನೆಲೆ, ಯಾರು ಎತ್ತ ಎಂದು ಯಾರಿಗೆ ಗೊತ್ತು,
ಮೇ ತಿಂಗಳಲ್ಲಿ ನಮಗೇ ಟ್ಯಾಂಕರು ನೀರು.
ಕೊನೆಯದು ಸುಳ್ಳಲ್ಲ. ಅದನ್ನು ದಪ್ಪಗೆ ಬರೆದೆ.

ಮೊದಲು ನಮ್ಮ ಹುಡುಗರೇ ಬಲೆ ಎಳೆಯುತ್ತಿದ್ದರು, ಅಂದ ತಾಂಡೇಲ.
ಎಳೆಯುತ್ತಿದ್ದರು, ಅಂದಳು ಬಂಗಡೆ ಮಾರುವ ಶೇವಂತಿ.
ನಿನ್ನ ಮಗ ಈಗ ಪಣಜಿಯ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾನೆ.
ಅಲ್ಲಿಯವರು ಅವನಿಗೆ ಏನಂತಾರೆ, ಕೇಳಿದ್ದೀಯಾ?

ಶಾಲೆಯಲ್ಲಿ ಹದಿಮೂರು ಮಕ್ಕಳು, ಅಂದರು ಹೆಡ್ಮಾಸ್ತರು,
ಅದರಲ್ಲಿ ಆರು ಅವರವು.
ಆ ಆರನ್ನು ತೆಗೆದರೆ ಬಾಗಿಲು ನಾನೇ ಹಾಕಿ ಬರ್ತೇನೆ.

ಕಾಲನಿ ಎಂದು ಬರೆದಲ್ಲಿ ಪೆನ್ನು ಸ್ವಲ್ಪ ತಡೆಯಿತು.
ಕಾಗದದಲ್ಲಿ ನಮ್ಮದು ಪುನರ್ವಸತಿ ಕೇಂದ್ರ.
ಬಸ್ಸಿನಲ್ಲಿ ಇವತ್ತಿಗೂ ಕಂಡಕ್ಟರು
'ನಿರಾಶ್ರಿತ್ರು ಇಳೀರಿ' ಅಂತಾನೆ,
ನಾವು ಚೀಲ ಎತ್ತಿಕೊಂಡು ಇಳೀತೇವೆ.

ನೌಕಾನೆಲೆಗೆ ಊರು ಕೊಟ್ಟು ಬಂದಾಗ ನನಗೆ ಏಳು ವರ್ಷ.
ಲಾರಿಯಲ್ಲಿ ಬೀಸುಕಲ್ಲು, ಎರಡು ಬಾಗಿಲು, ಒಂದು ದೋಣಿ.
ಇಲ್ಲಿಂದ ಕಡಲು ನಾಲ್ಕು ಕಿಲೋಮೀಟರು, ದೋಣಿ ಯಾಕೆ
ಎಂದು ಇಲ್ಲಿಯವರು ನಕ್ಕರಂತೆ.
ಅವರ ಬಾವಿಗೆ ನಮ್ಮ ಕೊಡಪಾನ ಇಳಿಯಲು
ಎರಡು ಮಳೆಗಾಲ ಬೇಕಾಯಿತು.

ಆ ವರ್ಷದ ನಡಾವಳಿ ಇದೇ ಕಪಾಟಿನಲ್ಲಿದೆ.
ಒಮ್ಮೆ ತೆಗೆದು ಓದಿದ್ದೆ:
'ಹೊರಗಿನಿಂದ ಬಂದವರ ಸಂಖ್ಯೆ ಹೆಚ್ಚಾದಲ್ಲಿ
ಗ್ರಾಮದ ಶಾಂತಿಗೆ'
ಮುಂದಿನದನ್ನು ಗೆದ್ದಲು ತಿಂದಿದೆ.

ಹಿಂದಿನ ಬೆಂಚಿನಿಂದ ಆಯಿ ಕೈ ಎತ್ತಿದಳು.
ಸಭೆಯಲ್ಲಿ ಅವಳು ಮಾತಾಡಿದ್ದು ನಾನು ಕಂಡಿಲ್ಲ.
ಆ ಶೆಡ್ಡಿನ ಶೀಟು ಯಾವ ಬದಿಗೆ ಇಳಿಸಿದ್ದಾರೆ?
ಪಡುವಣ ಗಾಳಿಗೆ ನೀರು ಒಳಗೇ ಬರ್ತದಲ್ಲ?
ಅದು ವಿಷಯದಲ್ಲಿ ಇಲ್ಲ ಬಾಯಿ, ಅಂದರು ಅಧ್ಯಕ್ಷರು.
ಇಲ್ಲದ್ದನ್ನು ನಾನು ಬರೆಯಲಿಲ್ಲ.

ಅಷ್ಟರಲ್ಲಿ ತಾಂಡೇಲನ ಫೋನು.
ಹೊರಗೆ ಜಗಲಿಗೆ ಹೋಗಿ ಅರ್ಧ ಹಿಂದಿಯಲ್ಲಿ ಕೂಗಿದ:
ಒಂದನೇ ತಾರೀಖಿಗೆ ಎಂಟು ಜನ, ಪಕ್ಕಾ,
ಟಿಕೇಟು ನಾನು ಹಾಕ್ತೇನೆ.
ಜಗಲಿಯ ಕಂಬಕ್ಕೆ ಒರಗಿ ಖಗೇಶ್ವರ ಬೆಹೆರಾ,
ಕೈಯಲ್ಲಿ ಮಡಚಿದ ಕೊಡೆ, ಪ್ಲಾಸ್ಟಿಕ್ಕಿನ ಫೈಲು.
ಒಳಗೆ ಬಾ ಅಂದವರಿಲ್ಲ, ಹೋಗು ಅಂದವರೂ ಇಲ್ಲ.
ಕೊಡೆಯಿಂದ ಇಳಿದ ನೀರು
ಹೊಸ್ತಿಲು ದಾಟಿ ಬೆಂಚಿನ ಕಾಲಿನವರೆಗೆ ಬಂದಿತ್ತು.

ಠರಾವು: ಮುಂದಿನ ಸಭೆಗೆ ಮುಂದೂಡಲಾಗಿದೆ.
ಚಹಾ ಬಂತು. ಹಾಜರಿದ್ದವರು ರುಜು ಹಾಕಿದರು.

ಕ್ಯಾ ಲಿಖಾ, ಸಾಬ್?
'ಮುಂದೂಡಲಾಗಿದೆ' ಎಂಬುದಕ್ಕೆ
ನನ್ನ ಹರುಕು ಹಿಂದಿಯಲ್ಲಿ ಶಬ್ದವಿರಲಿಲ್ಲ.
ಕೈಯನ್ನು ಗಾಳಿಯಲ್ಲಿ ಸ್ವಲ್ಪ ಮುಂದಕ್ಕೆ ತಳ್ಳಿ ತೋರಿಸಿದೆ.
ಹೋಗು ಅಂದ ಹಾಗೆ ಕಂಡಿರಬೇಕು,
ಅವನು ಒಂದು ಹೆಜ್ಜೆ ಹಿಂದೆ ಸರಿದ.

ಆಯಿ ಸೀರೆ ಎತ್ತಿ ಕಟ್ಟಿದಳು,
ಮನೆಯ ದಾರಿ ಹಿಡಿಯದೆ ಶೆಡ್ಡುಗಳ ಕಡೆ ತಿರುಗಿದಳು.
ಬೆಹೆರಾ ಓಡಿ ಹೋಗಿ ಅವಳ ಮೇಲೆ ಕೊಡೆ ಹಿಡಿದ.
ಯಾವ ಭಾಷೆಯಲ್ಲಿ ಏನು ಮಾತಾಡಿಕೊಂಡರೋ ಕೇಳಿಸಲಿಲ್ಲ.
ಆಯಿಯ ಕೈ ಮಾತ್ರ ಮೇಲೆತ್ತಿ ಓರೆಯಾಗಿ ಇಳಿಯಿತು,
ಶೀಟು ಹೀಗಿರಬೇಕು ಎಂಬಂತೆ.

ನಾನು ಹೋಗಲಿಲ್ಲ.
ಕಪಾಟಿಗೆ ಬೀಗ ಹಾಕುವುದಿತ್ತು.