ಹಾಫ್ ಟಿಕೆಟ್

ಕುಟ್ಟದ ಬಸ್ಸಿನಲ್ಲಿ ಹದಿನೇಳು ವರ್ಷ
ಮುಖ ನೋಡದೆ ಟಿಕೆಟ್ ಹರಿದು ಕೊಟ್ಟವನು ನಾನು.

ಕಳೆದ ಕಾಫಿ ಕೊಯ್ಲಿನಲ್ಲಿ ಎರವರ ಹಾಡಿಯ ಬೊಳಚಿ,
ಇಪ್ಪತ್ತೂ ತುಂಬದ ಹುಡುಗಿ,
ಗಂಜಿ ಬಳಿದು ನನ್ನ ಬಾಗಿಲಿಗೇ ಚೀಟಿ ಹಚ್ಚಿದಳು:
ಕಾಣೆಯಾದ ಮೂವರು, ಕೆಳಗೊಂದು ಫೋನ್ ನಂಬರು.
ಬೈದೆ. ಸರ್ಕಾರದ ಬಸ್ಸಮ್ಮಾ, ನಿನ್ನಪ್ಪನದಲ್ಲ.
'ಒಂದು ಫುಲ್, ಒಂದು ಹಾಫ್ ಅಂದವನನ್ನು ಬಿಡಣ್ಣ,
ಹಾಫನ್ನು ಕೇಳು, ಹೆಸರೇನಂತ.'

ಆ ಚೀಟಿಯನ್ನು ಗೋಣಿಕೊಪ್ಪದಲ್ಲಿ ಆಡು ತಿಂದಿತು.

ನಿನ್ನೆ, ಇರ್ಪು ತಿರುವು ದಾಟಿ, ಹಿಂದಿನ ಸೀಟು.
ಹೊಸ ಚಪ್ಪಲಿ, ಬೆಲೆಯಿನ್ನೂ ಅಂಟಿಕೊಂಡಿತ್ತು.
ಹೆಸರು ಕೇಳಿದೆ.
ಮಗು ಮೊದಲು ಅವನ ಮುಖ ನೋಡಿತು.
ಅವನೇ ಹೇಳಿದ.

ಶ್ರೀಮಂಗಲ ಠಾಣೆಯೆದುರು ಸ್ಟಾಪಿಲ್ಲ.
ಸೀಟಿ ಊದಿದೆ.
ಡ್ರೈವರ್ ಬೈದ:
ಸರ್ಕಾರದ ಬಸ್ಸಯ್ಯಾ, ನಿನ್ನಪ್ಪನದಲ್ಲ.