ನಲವತ್ತೆಂಟು ಸೆಂಟಿಮೀಟರ್

ಎಲ್ಸ್‌ಪೆತ್ ಟುಲೊಕ್ ದೊಡ್ಡದೇನನ್ನೂ ಕಟ್ಟಲಿಲ್ಲ.
ಡಂಡಿ ಊರಲ್ಲಿ ಹುಡುಕಿದರೆ ಸಿಗುವುದು
ಎರಡು ಬಸ್ ತಂಗುದಾಣ, ಒಂದು ಶಾಲೆಯ ಬಚ್ಚಲು,
ಲೊಖಿಯ ಲೈಬ್ರರಿಗೆ ಹೊಸದೊಂದು ಬಾಗಿಲು,
ಟೇ ನದಿಯ ಗಾಳಿಗೆ ಬೆನ್ನು ಕೊಟ್ಟು ನಿಂತ ಮೀನಂಗಡಿ,
ಅಲ್ಲೀಗ ಮೊಬೈಲು ರಿಪೇರಿ.

ಹದಿನೆಂಟು ವರ್ಷ ನಾನು ಅವಳಿಗೆ
ರಟ್ಟಿನಲ್ಲಿ, ಬಾಲ್ಸಾ ಕಟ್ಟಿಗೆಯಲ್ಲಿ ಮಾದರಿ ಕೊರೆದೆ.
ಬೆರಳುದ್ದವೂ ಇಲ್ಲದ ಮನುಷ್ಯರನ್ನು ಅಂಟಿಸಿದರೆ
ಕನ್ನಡಕ ಹಣೆಗೇರಿಸಿ ಬಗ್ಗಿ ನೋಡುವಳು:
"ಇವನೇಕೆ ಇಷ್ಟು ನೆಟ್ಟಗೆ ನಿಂತಿದ್ದಾನೆ?
ಕೈಗೊಂದು ಚೀಲ ಕೊಡು. ಸೊಂಟ ನೋಯಲಿ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು
ಗಾದೆ ಬಿಡಿಸಿ ಹೇಳಿದ ದಿನ
ಚಹಾ ತುಳುಕುವಷ್ಟು ನಕ್ಕಳು, ಎರಡನ್ನೂ ಮಾಡದವಳು.
ಮೂರನೇ ಮಹಡಿಯ ಬಾಡಿಗೆ ಅಡುಗೆಮನೆ,
ಸೋರುವ ಸೂರಿನಡಿ ಬಕೆಟ್ಟು,
ಅದರ ಮೇಲೆ ಅವಳದೇ ಅಕ್ಷರ: ತಾತ್ಕಾಲಿಕ.

ನನ್ನ ಮಾತುಗಳನ್ನು ಒಂದೊಂದಾಗಿ ಕೇಳಿ
ನಾಲಿಗೆಯಲ್ಲಿ ತೂಗುವಳು:
ತೊಲೆ, ಜಂತೆ, ಹೊಸ್ತಿಲು, ಗಿಳಿಗೂಟ.
ಜಗಲಿಯ ಹತ್ತಿರ ನಿಂತುಬಿಟ್ಟಳು.
"ಮನೆಯೂ ಅಲ್ಲ, ಬೀದಿಯೂ ಅಲ್ಲ,
ಯಾರು ಬೇಕಾದರೂ ಬಂದು ಕೂರಬಹುದು!"
ಯಾರು ಬೇಕಾದರೂ ಅಲ್ಲ, ಎಂದೆ.
ನಮ್ಮಜ್ಜ ಸಾಯುವ ತನಕ
ಒಬ್ಬರ ಜಗಲಿಯನ್ನೂ ಹತ್ತಿದವನಲ್ಲ.
ಪೆನ್ಸಿಲು ಕೆಳಗಿಟ್ಟಳು.
ತುಂಬಾ ಹೊತ್ತಿನ ಮೇಲೆ ಎತ್ತಿಕೊಂಡಳು.

ಲೈಬ್ರರಿಯ ನಕ್ಷೆಯಲ್ಲಿ, ಬಾಗಿಲ ಎಡಕ್ಕೆ, ಬಾಣ ಎಳೆದು:
ಜಗಲಿ. ಕಲ್ಲು. ನಲವತ್ತೆಂಟು ಸೆಂಟಿಮೀಟರ್.
ಗುತ್ತಿಗೆದಾರ ಫೋನು ಮಾಡಿದ:
"ಈ ಜಗಲಿ ಯಾವ ಕಂಪನಿಯ ಮಾಲು?
ಕ್ಯಾಟಲಾಗಿನಲ್ಲೇ ಇಲ್ಲ. ಮತ್ತೆ ಅಷ್ಟೆತ್ತರ ಯಾಕೆ,
ಎಲ್ಲರೂ ನಲವತ್ತೈದು ಇಡುತ್ತಾರೆ."
"ಮುದಿ ಮೊಣಕಾಲನ್ನು ಕೈಹಿಡಿದೆಬ್ಬಿಸುವ ಮೊಮ್ಮಗ,
ಆ ಮೂರು ಸೆಂಟಿಮೀಟರು" ಎಂದಳು.

ಮೇದೋಜೀರಕದಲ್ಲಿ ಕ್ಯಾನ್ಸರ್ ಎಂದು
ಡಾಕ್ಟರು ಪರದೆಯಲ್ಲಿ ತೋರಿಸಿದಾಗಲೂ
ಕನ್ನಡಕ ಹಣೆಗೇರಿಸಿ ಬಗ್ಗಿದಳು.
"ಅಡ್ಡಕೊಯ್ತ ಅಚ್ಚುಕಟ್ಟಾಗಿದೆ.
ಇದೊಂದು ಕೋಣೆ ಮಾತ್ರ
ಪರವಾನಗಿ ಇಲ್ಲದೆ ಎಬ್ಬಿಸಿದ್ದು."
ಡಾಕ್ಟರು ನಗಲಿಲ್ಲ. ನಾನೂ.

ಕೊನೆಯ ಐದು ವಾರ ಆಸ್ಪತ್ರೆ.
ಮಲಗಿದವರಿಗೆ ಸೂರೇ ಗೋಡೆ,
ನಲವತ್ತು ವರ್ಷದಲ್ಲಿ ಒಬ್ಬನಾದರೂ
ಹೇಳಿದನೇ ನನಗೆ, ಎಂದು ಬೈದಳು.
ಮೇಲಿನ ಚೌಕಗಳ ತೂತು ಎಣಿಸುವಳು,
ಮಾರ್ಫಿನ್ನಿನಲ್ಲಿ ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ.
ನೀರೂ ಒಲ್ಲದ ಮಧ್ಯಾಹ್ನ
ಊಟದ ಚೀಟಿಯ ಹಿಂದೆ ಕಿಟಕಿಯೊಂದನ್ನು ಬರೆದಳು,
ಹಾಸಿಗೆಗಿಂತ ತಗ್ಗಿಗೆ, ಹೊಳೆ ಕಾಣುವ ಹಾಗೆ.
ಗೆರೆ ನಡುಗಿತ್ತು. "ಆಮೇಲೆ ನೇರ ಮಾಡಿಕೋ."
ಮಾಡಿಲ್ಲ.

ಅದಕ್ಕೂ ಮೊದಲು, ಇನ್ನೂ ನಡೆಯುತ್ತಿದ್ದಾಗ,
ಮಾರ್ಚಿಯ ಒಂದು ಶನಿವಾರ
ಲೊಖಿಗೆ ಕರೆದುಕೊಂಡು ಹೋಗಿದ್ದೆ.
ಜಗಲಿಯ ಮೇಲೆ ಇಬ್ಬರು ಹುಡುಗರು,
ವಿನೆಗರ್ ವಾಸನೆಯ ಬಿಸಿ ಚಿಪ್ಸು.
ಮುಖ ನೋಡದೆಯೇ ಸರಿದು ಜಾಗ ಬಿಟ್ಟರು.
ಕೂತಳು. ಕಲ್ಲನ್ನು ಅಂಗೈಯಿಂದ ಸವರಿದಳು.
ಏಳಲು ಆಗಲಿಲ್ಲ.
ಎರಡನೇ ಸಲವೂ.
ನನ್ನ ತೋಳಿಗೆ ಜೋತುಬಿದ್ದು ಎದ್ದವಳು
ಉಸಿರು ತಿರುಗಿದ ಮೇಲೆ ಹೇಳಿದಳು:
"ಐವತ್ತು ಬೇಕಿತ್ತು. ನನ್ನದೇ ತಪ್ಪು. ಬರೆದುಕೋ."

ಬರೆದುಕೊಂಡೆ.
ಹುಡುಗರು ಚಿಪ್ಸಿನ ಕಾಗದ ಮುದುರಿ
ಅವಳು ಕೂತಿದ್ದ ಜಾಗಕ್ಕೆ
ಕಾಲು ಚಾಚಿಕೊಂಡರು.