ಕನ್ನಡಿಯ ಕಡೆಯವಳು

ಮಿಕ್ಸರಿಗೆ ಹಾಕಿದೆ ನೆನೆದ ಮೊಟ್ಟೆ ಟ್ರೇ,
ಹಳೆಯ ಗ್ಯಾಸಿನ ಬಿಲ್ಲು, ಒಂದು ಹಿಡಿ ಈರುಳ್ಳಿ ಸಿಪ್ಪೆ.
ಸೊಳ್ಳೆಪರದೆ ಬಿಗಿದ ಚೌಕಟ್ಟಿನಲ್ಲಿ ಎತ್ತಿ
ಬಾಲ್ಕನಿಯಲ್ಲಿಟ್ಟೆ. ವಾಲ್ಪರೈಸೊದ ಕಡಲಗಾಳಿ
ಮೂರು ದಿನ ತೆಗೆದುಕೊಂಡಿತು; ಅದಕ್ಕೇನು ಅವಸರ.

ಮೊದಲ ಸಲ ಲ್ಯಾವೆಂಡರ್ ಎಣ್ಣೆ ಸವರಿ ಚಮಚದಿಂದ ತಿಕ್ಕಿದೆ.
ಮನೆಯೆಲ್ಲ ಘಮ, ಕಾಗದದ ಮೇಲೆ ಬರೀ ಒಂದು ಮೋಡ.
ಎರಡನೆಯ ಸಲ ನೀರು ತಾಗಿದ್ದೇ ತಡ
ಒತಿಲಿಯಾಳ ಕೆನ್ನೆ ಹರಿದು ಗಲ್ಲ ದಾಟಿತು.
'ಇಂಕ್‌ಜೆಟ್ ನಿಲ್ಲೋದಿಲ್ಲಮ್ಮ, ಲೇಸರ್ ಪ್ರಿಂಟೇ ಬೇಕು'
ಎಂದ ಜೆರಾಕ್ಸಿನ ಹುಡುಗ ಎವಾರಿಸ್ತೊ.
ಮೊದಲೇ ಹೇಳಬಾರದಿತ್ತೆ.

ಮೂರನೆಯದಕ್ಕೆ ಅಂಟು ಬಳಿದು, ಬೋರಲು ಮಲಗಿಸಿ,
ರಾತ್ರಿಯಿಡೀ ಮೇಲೊಂದು ನಿಘಂಟು ಹೇರಿದೆ.
ಬೆಳಿಗ್ಗೆ ಒದ್ದೆ ಬೆರಳಿಂದ ಉಜ್ಜುತ್ತ ಉಜ್ಜುತ್ತ
ಮೈಯ ಕೊಳೆಯಂತೆ ಸುರುಳಿ ಸುರುಳಿ ಎದ್ದಿತು ಬಿಳಿ ಕಾಗದ,
ಅದರಡಿ ಒಂದು ಕಣ್ಣು.

ನಿಲ್ಲಿಸಿದೆ. ಇನ್ನೂ ಉಜ್ಜಿದರೆ ಕಣ್ಣೂ ಹೋದೀತು.

ಭಾವ ಲಿಸಾಂದ್ರೊ ಬಂದು ನೋಡಿ ಅಂದ: 'ಇವಳು ಅವಳಲ್ಲ.'
ಎಡದ ಮಚ್ಚೆ ಬಲಕ್ಕೆ ಬಂದಿತ್ತು. ಬೈತಲೆ ಆಚೆ ಕಡೆ.
ಬೆನ್ನ ಹಿಂದಿನ ಬ್ರೆಡ್ ಅಂಗಡಿಯ ಬೋರ್ಡು
ಯಾವುದೋ ಬೇರೆ ಭಾಷೆ.
ತಿರುಗಿಸಿ ಪ್ರಿಂಟ್ ತೆಗೆಸಬೇಕಿತ್ತು, ಮರೆತಿದ್ದೆ.

ಆದರೆ ಯಾವ ಫೋಟೊ ಕೊಟ್ಟರೂ ಅಕ್ಕ
'ಇದು ನಾನಲ್ಲ' ಎಂದು ಮೂಗು ಮುರಿಯುತ್ತಿದ್ದಳು.
ಬಚ್ಚಲಿನ ಕನ್ನಡಿಯಲ್ಲಿ ಐವತ್ತೆರಡು ವರ್ಷ
ತಾನು ಕಂಡ ಮುಖವನ್ನೇ ನಂಬಿದವಳು.

ಈಗ ಅಡುಗೆಮನೆಯಲ್ಲಿ ಬಟ್ಟೆ ಕ್ಲಿಪ್ಪಿಗೆ ತೂಗುಹಾಕಿದ್ದೇನೆ.
ಮೂಗಿನ ಮೇಲೊಂದು ಈರುಳ್ಳಿ ಸಿಪ್ಪೆಯ ಚೂರು.
ಅದಕ್ಕೆ ಮಾತ್ರ ಅವಳು ತಕರಾರು ತೆಗೆದಾಳು.